ಆಮ್ಲಜನಕಕ್ಕೆ ಹೆಸರಿಟ್ಟ ಲವಾಸಿಯೆ

ಕನ್ನಡ ಮಾಧ್ಯಮದಲ್ಲಿ ಓದಿ, ಉದ್ಯೋಗಕ್ಕಾಗಿ ಹೊರನಾಡಿಗೆ ಬಂದ ನಮ್ಮ ತಲೆಮಾರಿನವರು ‘ಆಮ್ಲಜನಕ’, ‘ಜಲಜನಕ’ ಎಂಬ ಶಬ್ದಗಳನ್ನು ಬಾಯಿಪಾಠ ಮಾಡಿದವರು. ಇಲ್ಲಿಯೇ ಹುಟ್ಟಿ ಬೆಳೆದ ನಮ್ಮ ಮಕ್ಕಳು ಅವನ್ನು ಆಕ್ಸಿಜನ್, ಹೈಡ್ರೋಜನ್ ಎನ್ನುತ್ತಾರೆ. ಬೇರೆ ಬೇರೆಯೆಂದು ತೋರುವ ಈ ಹೆಸರುಗಳು ವಾಸ್ತವವಾಗಿ ಒಂದೇ. ಗ್ರೀಕ್ ಮೂಲದಲ್ಲಿ ಆಕ್ಸಿಜನ್ ಎಂದರೆ ಆಮ್ಲವನ್ನು ಹುಟ್ಟಿಸುವುದು, ಹೈಡ್ರೋಜನ್ ಎಂದರೆ ನೀರನ್ನು ಹುಟ್ಟಿಸುವುದು. ನಮ್ಮ ಪಠ್ಯಪುಸ್ತಕಗಳು ಆ ಅರ್ಥವನ್ನೇ ಸಂಸ್ಕೃತ ಶಬ್ದಗಳಲ್ಲಿ ಇಳಿಸಿಕೊಂಡವು. ಮೂಲದ ಹೆಸರುಗಳು ರೂಪುಗೊಂಡದ್ದು ಹದಿನೆಂಟನೆಯ ಶತಮಾನದ ಪ್ಯಾರಿಸ್ ನಗರದಲ್ಲಿ, ಆಂತ್ವಾನ್ ಲೊರಾನ್ ಲವಾಸಿಯೆ ಮತ್ತು ಅವನ ಸಂಗಡಿಗರ ಕೈಯಲ್ಲಿ. ಈ ಎರಡರಲ್ಲಿ ಒಂದು ಹೆಸರು ಸರಿ, ಇನ್ನೊಂದು ತಪ್ಪು. ತಪ್ಪು ಯಾವುದೆಂಬುದನ್ನು ಮುಂದೆ ಹೇಳುತ್ತೇವೆ.

ಕಲಾ ವಿಭಾಗದಲ್ಲಿ ಪದವಿ ಪಡೆದು ಬ್ಯಾಂಕಿನ ಖಾತೆ ಪುಸ್ತಕಗಳ ನಡುವೆ ಆಯುಷ್ಯ ಕಳೆದ ನಮಗೆ ರಸಾಯನಶಾಸ್ತ್ರದ ಗೊಡವೆ ಏಕೆ ಎಂದು ಓದುಗರು ಕೇಳಬಹುದು. ಲವಾಸಿಯೆ ನಮ್ಮ ವೃತ್ತಿಯವನೇ ಎಂಬುದು ನಮ್ಮ ಉತ್ತರ. ಅವನು ತೆರಿಗೆ ವಸೂಲಿಯ ಕಂಪೆನಿಯಲ್ಲಿ ಪಾಲುದಾರ, 1788ರಿಂದ ಪ್ಯಾರಿಸ್ಸಿನ ಡಿಸ್ಕೌಂಟ್ ಬ್ಯಾಂಕಿನ ನಿರ್ದೇಶಕ, ಆಮೇಲೆ ರಾಷ್ಟ್ರದ ಖಜಾನೆಯ ಆಯುಕ್ತ. ಹಗಲೆಲ್ಲ ಜಮೆ ಖರ್ಚು ನೋಡುತ್ತಿದ್ದವನು ಬೆಳಗ್ಗೆ ಸಂಜೆ ಅದೇ ಜಮೆ ಖರ್ಚನ್ನು ಬೆಂಕಿಗೂ ಗಾಳಿಗೂ ಬರೆದನು. ರಸಾಯನಶಾಸ್ತ್ರ ಹೊಸ ಹುಟ್ಟು ಪಡೆದದ್ದು ಆ ಲೆಕ್ಕದಿಂದ. ಅವನ ತಲೆ ಹೋದದ್ದೂ ಲೆಕ್ಕದ ವ್ಯವಹಾರದಿಂದಲೇ.

ಲವಾಸಿಯೆ ಹುಟ್ಟಿದ್ದು 1743ರ ಆಗಸ್ಟ್ 26ರಂದು, ಪ್ಯಾರಿಸ್ಸಿನ ಸ್ಥಿತಿವಂತ ವಕೀಲರ ಮನೆಯಲ್ಲಿ. ಐದನೆಯ ವಯಸ್ಸಿನಲ್ಲಿ ತಾಯಿ ತೀರಿಕೊಂಡಳು. ತಂದೆಯ ಇಚ್ಛೆಯಂತೆ ಕಾನೂನು ಓದಿ 1764ರಲ್ಲಿ ವಕೀಲಿ ಸನ್ನದನ್ನೂ ಪಡೆದನು. ಆದರೆ ಮನಸ್ಸೆಲ್ಲ ರುವೆಲ್ ಎಂಬ ಪ್ರಸಿದ್ಧ ರಸಾಯನ ಶಿಕ್ಷಕನ ಉಪನ್ಯಾಸಗಳ ಮೇಲೆ. ಪ್ಯಾರಿಸ್ಸಿನ ಬೀದಿದೀಪಗಳನ್ನು ಸುಧಾರಿಸುವ ಬಗೆಗೆ ಬರೆದ ಪ್ರಬಂಧಕ್ಕೆ 1766ರಲ್ಲಿ ದೊರೆಯ ಚಿನ್ನದ ಪದಕ ಬಂದಿತು. 1768ರಲ್ಲಿ, ಇಪ್ಪತ್ತೈದನೆಯ ವಯಸ್ಸಿನಲ್ಲಿ, ವಿಜ್ಞಾನ ಅಕಾಡೆಮಿಯ ಸದಸ್ಯತ್ವವೂ ದೊರೆಯಿತು.

ಅದೇ ವರ್ಷ ಅವನು ಇನ್ನೊಂದು ಹೆಜ್ಜೆ ಇಟ್ಟನು. ತಾಯಿಯ ಕಡೆಯಿಂದ ಬಂದ ಹಣದಲ್ಲಿ ‘ಫೆರ್ಮ್ ಜನರಾಲ್’ ಎಂಬ ಸಂಸ್ಥೆಯ ಪಾಲು ಕೊಂಡನು. ಇದು ದೊರೆಯ ತೆರಿಗೆಗಳನ್ನು ಗುತ್ತಿಗೆ ಹಿಡಿದ ಶ್ರೀಮಂತರ ಕೂಟ. ಆರಾರು ವರ್ಷಗಳ ಗುತ್ತಿಗೆ. ಒಪ್ಪಿಕೊಂಡ ಹಣವನ್ನು ದೊರೆಗೆ ಕೊಟ್ಟು, ಉಪ್ಪು, ಹೊಗೆಸೊಪ್ಪು, ನಗರದೊಳಗೆ ಬರುವ ಸರಕು ಇವುಗಳ ಮೇಲಿನ ಸುಂಕವನ್ನು ಜನರಿಂದ ವಸೂಲು ಮಾಡಿಕೊಳ್ಳುವುದು. ಮಿಕ್ಕಿದ್ದು ಲಾಭ. ಫ್ರಾನ್ಸಿನ ಬಡವರು ಈ ಗುತ್ತಿಗೆದಾರರನ್ನು ದ್ವೇಷಿಸಿದಷ್ಟು ಇನ್ನಾರನ್ನೂ ದ್ವೇಷಿಸಿರಲಾರರು. ಲೇವಾದೇವಿಯವನೊಬ್ಬ ಅಕಾಡೆಮಿಗೆ ಬಂದದ್ದು ಕೆಲವು ಸದಸ್ಯರಿಗೆ ಹಿಡಿಸಲಿಲ್ಲ. ಇರಲಿ ಬಿಡಿ, ಇನ್ನು ಮುಂದೆ ಒಳ್ಳೆಯ ಊಟ ಸಿಗುತ್ತದೆ ಎಂದು ಒಬ್ಬ ಗಣಿತಜ್ಞನು ನಕ್ಕನಂತೆ. ಸಿಕ್ಕಿದ್ದು ಊಟ ಮಾತ್ರವಲ್ಲ. ಆ ಲಾಭದ ಹಣದಲ್ಲಿ ಲವಾಸಿಯೆ ಪ್ಯಾರಿಸ್ಸಿನ ಅತ್ಯುತ್ತಮ ಕುಶಲಕರ್ಮಿಗಳಿಂದ ತಕ್ಕಡಿಗಳನ್ನೂ ಅನಿಲ ಅಳೆಯುವ ಪಾತ್ರೆಗಳನ್ನೂ ಮಾಡಿಸಿದನು. ಅವುಗಳಲ್ಲಿ ಹಲವು ಇಂದಿಗೂ ಪ್ಯಾರಿಸ್ಸಿನ ಕಲೆ ಮತ್ತು ಕಸಬುಗಳ ವಸ್ತುಸಂಗ್ರಹಾಲಯದಲ್ಲಿವೆ. ಉಪ್ಪಿನ ಸುಂಕವಿಲ್ಲದಿದ್ದರೆ ಆ ತಕ್ಕಡಿಗಳೂ ಇರುತ್ತಿರಲಿಲ್ಲ ಎಂಬುದನ್ನು ಮರೆತು ಅವನನ್ನು ಹೊಗಳುವುದು ನಮಗೆ ಸಾಧ್ಯವಾಗಿಲ್ಲ.

ಅವನ ದಿನಚರಿಯನ್ನು ಪತ್ನಿ ಬರೆದಿಟ್ಟಿದ್ದಾಳೆ. ಬೆಳಗ್ಗೆ ಆರರಿಂದ ಒಂಬತ್ತು, ಸಂಜೆ ಏಳರಿಂದ ಹತ್ತು ವಿಜ್ಞಾನಕ್ಕೆ, ನಡುವಿನದೆಲ್ಲ ಕಚೇರಿಗೆ. ವಾರದಲ್ಲಿ ಒಂದು ದಿನ ಮಾತ್ರ ಪೂರ್ತಿ ಪ್ರಯೋಗಶಾಲೆಯಲ್ಲಿ. ಅವನಿಗೆ ಅದೇ ಹಬ್ಬ. ಕಚೇರಿ ಮುಗಿಸಿ ಸಂಜೆ ಸಂಘದ ನಾಟಕದ ತಾಲೀಮಿಗೆ ಓಡುವ ನಮ್ಮ ಗೆಳೆಯರಿಗೆ ಈ ಸುಖ ಏನೆಂದು ವಿವರಿಸಬೇಕಾಗಿಲ್ಲ.

ಈಗ ಅವನ ಕೆಲಸಕ್ಕೆ ಬರೋಣ. ನೀರನ್ನು ಬಹುಕಾಲ ಕುದಿಸಿದರೆ ಅದು ಮಣ್ಣಾಗುತ್ತದೆಂಬ ನಂಬಿಕೆ ಆಗ ಇತ್ತು. ಕುದಿಸಿದ ಪಾತ್ರೆಯ ತಳದಲ್ಲಿ ಬಿಳಿಯ ಪುಡಿ ಉಳಿಯುತ್ತಿದ್ದುದೇ ಅದಕ್ಕೆ ಸಾಕ್ಷಿ. ಲವಾಸಿಯೆ ಗಾಜಿನ ಪಾತ್ರೆಯನ್ನೂ ನೀರನ್ನೂ ಬೇರೆ ಬೇರೆಯಾಗಿ ತೂಗಿ, ಆವಿ ಹೊರಹೋಗದೆ ಮತ್ತೆ ನೀರಾಗಿ ಇಳಿಯುವಂತೆ ಮಾಡಿ, 101 ದಿನ ಕಾಯಿಸಿದನು. ಕೊನೆಗೆ ಒಟ್ಟು ತೂಕ ಬದಲಾಗಿರಲಿಲ್ಲ, ಆದರೆ ಪಾತ್ರೆಯ ತೂಕ ಇಳಿದಿತ್ತು. ಇಳಿದ ತೂಕವೂ ಪುಡಿಯ ತೂಕವೂ ಹೆಚ್ಚುಕಡಿಮೆ ಸಮ. ಪುಡಿ ಬಂದದ್ದು ನೀರಿನಿಂದಲ್ಲ, ಗಾಜಿನಿಂದ. ಶತಮಾನಗಳ ನಂಬಿಕೆಯೊಂದು ತಕ್ಕಡಿಯ ಮುಂದೆ ಬಿದ್ದುಹೋಯಿತು. ಒಂದು ಖಾತೆಯಲ್ಲಿ ಜಮೆಯಾದದ್ದು ಇನ್ನೊಂದು ಖಾತೆಯಿಂದ ಬಂದಿರಲೇಬೇಕು ಎಂಬ ಅವನ ಹಟ ಇಲ್ಲಿಂದಲೇ ಕಾಣುತ್ತದೆ.

ಆ ಕಾಲದ ದೊಡ್ಡ ನಂಬಿಕೆ ‘ಫ್ಲಾಜಿಸ್ಟನ್’. ಜರ್ಮನಿಯ ಸ್ಟಾಲ್ ಎಂಬ ವೈದ್ಯನು ಬೆಳೆಸಿದ ಸಿದ್ಧಾಂತವಿದು. ಸುಡುವ ವಸ್ತುಗಳಲ್ಲೆಲ್ಲ ಫ್ಲಾಜಿಸ್ಟನ್ ಎಂಬ ಅಂಶವಿದೆ, ಸುಟ್ಟಾಗ ಅದು ಹೊರಬಿದ್ದು ಬೂದಿ ಉಳಿಯುತ್ತದೆ ಎಂಬುದು ಅದರ ಸಾರ. ಇದು ಮೂರ್ಖತನದ ಮಾತಲ್ಲ. ಸೌದೆ ಉರಿಯುವುದನ್ನು ನೋಡಿದ ಯಾರಿಗಾದರೂ ಏನೋ ಹೊರಟುಹೋಯಿತು ಎಂದೇ ಅನ್ನಿಸುತ್ತದೆ. ತೊಡಕು ಬಂದದ್ದು ಲೋಹಗಳಲ್ಲಿ. ತವರವನ್ನೋ ಸೀಸವನ್ನೋ ಕಾಯಿಸಿ ಭಸ್ಮ ಮಾಡಿದರೆ ಭಸ್ಮದ ತೂಕ ಲೋಹಕ್ಕಿಂತ ಹೆಚ್ಚು. ಏನೋ ಹೊರಹೋದ ಮೇಲೆ ತೂಕ ಏರುವುದು ಹೇಗೆ? ಫ್ಲಾಜಿಸ್ಟನ್ನಿಗೆ ಋಣ ತೂಕವಿದೆಯೆಂದು ವಾದಿಸಿದವರೂ ಇದ್ದರು. ಬ್ಯಾಂಕಿನಲ್ಲಿ ಲೆಕ್ಕ ತಾಳೆಯಾಗದೆ ರಾತ್ರಿಯವರೆಗೆ ಕುಳಿತವರು ಬಲ್ಲರು. ಶಿಲ್ಕು ಹೊಂದದಿದ್ದಾಗ ಇಂಥ ವಾದಗಳು ಎಲ್ಲಿಂದಲೋ ಹುಟ್ಟಿಕೊಳ್ಳುತ್ತವೆ.

1772ರ ನವೆಂಬರ್ 1ರಂದು ಲವಾಸಿಯೆ ಮೊಹರು ಹಾಕಿದ ಲಕೋಟೆಯೊಂದನ್ನು ಅಕಾಡೆಮಿಯಲ್ಲಿ ಠೇವಣಿ ಇಟ್ಟನು. ಗಂಧಕ, ರಂಜಕಗಳು ಸುಟ್ಟಾಗ ತೂಕದಲ್ಲಿ ಹೆಚ್ಚುತ್ತವೆ, ಆ ಹೆಚ್ಚಳ ಗಾಳಿಯಿಂದ ಬಂದದ್ದು ಎಂಬುದು ಒಳಗಿನ ಒಕ್ಕಣೆ. 1774ರಲ್ಲಿ ತವರವನ್ನು ಗಾಜಿನ ಪಾತ್ರೆಯಲ್ಲಿಟ್ಟು ಬಾಯಿ ಬೆಸೆದು ಕಾಯಿಸಿದನು. ಭಸ್ಮವಾದ ಮೇಲೂ ಮುಚ್ಚಿದ ಪಾತ್ರೆಯ ತೂಕ ಮೊದಲಿನಷ್ಟೇ. ಬಾಯಿ ತೆರೆದಾಗ ಹೊರಗಿನ ಗಾಳಿ ಸದ್ದಿನೊಡನೆ ಒಳನುಗ್ಗಿತು; ಆಗ ತೂಕ ಏರಿತು. ಬೆಂಕಿ ಪಾತ್ರೆಗೆ ಏನನ್ನೂ ಕೂಡಿಸಿರಲಿಲ್ಲ, ಒಳಗಿನ ಗಾಳಿಯೇ ಲೋಹವನ್ನು ಸೇರಿಕೊಂಡಿತ್ತು.

ಗಾಳಿಯಲ್ಲಿ ಸೇರಿಕೊಂಡದ್ದು ಯಾವ ಭಾಗ ಎಂಬುದು ಮಾತ್ರ ಅವನಿಗೆ ಹೊಳೆದಿರಲಿಲ್ಲ. ಸುಳಿವು ಬಂದದ್ದು ಬೇರೆಯವರಿಂದ. ಅವನ ಜೀವನದ ಅಷ್ಟು ಸೊಗಸಲ್ಲದ ಅಧ್ಯಾಯವಿದು. ಇಂಗ್ಲೆಂಡಿನ ಪಾದ್ರಿ ಜೋಸೆಫ್ ಪ್ರೀಸ್ಟ್ಲಿ 1774ರ ಆಗಸ್ಟ್‌ನಲ್ಲಿ ಪಾದರಸದ ಕೆಂಪು ಭಸ್ಮವನ್ನು ಮಸೂರದ ಬಿಸಿಲಿನಲ್ಲಿ ಕಾಯಿಸಿ, ಮೇಣದ ಬತ್ತಿಯನ್ನು ಪ್ರಜ್ವಲವಾಗಿ ಉರಿಸುವ ಅನಿಲವೊಂದನ್ನು ಪಡೆದಿದ್ದನು. ಅಕ್ಟೋಬರ್‌ನಲ್ಲಿ ಪ್ಯಾರಿಸ್ಸಿಗೆ ಬಂದಾಗ ಲವಾಸಿಯೆಯ ಮನೆಯ ಊಟದ ಮೇಜಿನಲ್ಲೇ ಈ ವಿಷಯವನ್ನು ಹೇಳಿದನು. ಅದೇ ಅನಿಲವನ್ನು ಇನ್ನೂ ಮೊದಲೇ ಪಡೆದಿದ್ದ ಸ್ವೀಡನ್ನಿನ ಔಷಧ ವ್ಯಾಪಾರಿ ಶೀಲೆ, ಸೆಪ್ಟೆಂಬರ್ 30ರಂದು ಲವಾಸಿಯೆಗೆ ಪತ್ರ ಬರೆದು ಪ್ರಯೋಗದ ಕ್ರಮವನ್ನು ತಿಳಿಸಿದ್ದನು. ಉತ್ತರ ಹೋದ ದಾಖಲೆ ಸಿಕ್ಕಿಲ್ಲ. 1775ರ ವಸಂತದಲ್ಲಿ ಲವಾಸಿಯೆ ಅಕಾಡೆಮಿಯಲ್ಲಿ ಓದಿದ ಪ್ರಬಂಧದಲ್ಲಿ ಪ್ರೀಸ್ಟ್ಲಿಯ ಹೆಸರಿಲ್ಲ. ಮೂವರೂ ಹೆಚ್ಚುಕಡಿಮೆ ಒಂದೇ ಕಾಲಕ್ಕೆ ಕಂಡೆವು ಎಂದು ಅವನು ಬರೆದದ್ದು ಬಹಳ ವರ್ಷಗಳ ಮೇಲೆ. ಪೈಸೆ ಪೈಸೆಗೆ ಲೆಕ್ಕವಿಟ್ಟವನು ಈ ಸಾಲವನ್ನು ಕಿರ್ದಿಯಲ್ಲಿ ಬರೆಯದೆ ಹೋದನು ಎಂಬುದು ನಮಗೆ ಇಂದಿಗೂ ಬೇಸರದ ಸಂಗತಿ.

ಆದರೆ ತಾವು ಕಂಡದ್ದರ ಅರ್ಥ ಆ ಇಬ್ಬರಿಗೂ ದಕ್ಕಲಿಲ್ಲ. ಪ್ರೀಸ್ಟ್ಲಿಯಂತೂ ಸಾಯುವವರೆಗೆ ಅದನ್ನು ‘ಫ್ಲಾಜಿಸ್ಟನ್ ಕಳೆದ ಗಾಳಿ’ ಎಂದೇ ಕರೆದನು. ಅರ್ಥ ಬಿಡಿಸಿದ್ದು ಲವಾಸಿಯೆಯ ಹನ್ನೆರಡು ದಿನಗಳ ಪ್ರಯೋಗ. ನಾಲ್ಕು ಔನ್ಸ್ ಪಾದರಸ. ಅದರೊಡನೆ ಮುಚ್ಚಿದ 50 ಘನ ಅಂಗುಲ ಗಾಳಿ. ಹಗಲಿರುಳು ಕಾಯಿಸಿದ ಮೇಲೆ ಗಾಳಿ 42, 43 ಘನ ಅಂಗುಲಕ್ಕೆ ಇಳಿಯಿತು. ಉಳಿದ ಗಾಳಿಯಲ್ಲಿ ದೀಪ ಆರಿತು, ಪ್ರಾಣಿಗೆ ಉಸಿರು ಕಟ್ಟಿತು. ಪಾದರಸದ ಮೇಲೆ ತೇಲಿದ ಕೆಂಪು ಭಸ್ಮವನ್ನು ಕೂಡಿಸಿ ತೂಗಿದರೆ 45 ಗ್ರೇನ್. ಅಂದಿನ ಫ್ರೆಂಚ್ ಗ್ರೇನ್ ಎಂದರೆ ನಮ್ಮ ಅಕ್ಕಸಾಲಿಗರ ಗುಲಗಂಜಿಯ ಅರ್ಧಕ್ಕೂ ಕಡಿಮೆ ತೂಕ. ಆ ಭಸ್ಮವನ್ನು ಇನ್ನೂ ಹೆಚ್ಚಿನ ಕಾವಿಗೆ ಒಡ್ಡಿದಾಗ 41½ ಗ್ರೇನ್ ಪಾದರಸವೂ, ಏಳೆಂಟು ಘನ ಅಂಗುಲ ಅನಿಲವೂ ಬಂದವು. ಆ ಅನಿಲವನ್ನು ಮಿಕ್ಕಿದ್ದ ನಿರ್ಜೀವ ಗಾಳಿಗೆ ಬೆರೆಸಿದರೆ ಮತ್ತೆ ಮಾಮೂಲು ಗಾಳಿ! ಹೋದದ್ದೆಷ್ಟೋ ಬಂದದ್ದೂ ಅಷ್ಟೇ. ಚಿನ್ನದ ಸಾಲದ ಕೌಂಟರಿನಲ್ಲಿ ಎಷ್ಟೋ ವರ್ಷ ಸಣ್ಣ ತಕ್ಕಡಿಯ ಮುಳ್ಳನ್ನೇ ನೋಡುತ್ತ ನಿಂತ ನಮಗೆ, ಈ ಅಂಕಿಗಳನ್ನು ಮೊದಲು ಓದಿದ ದಿನ ಆದ ಸಂತೋಷ ಇಂಥದೆಂದು ಹೇಳಲು ಬಾರದು.

ಗಾಳಿ ಒಂದೇ ಮೂಲವಸ್ತುವಲ್ಲವೆಂದು ಹೀಗೆ ಸಿದ್ಧವಾಯಿತು. ಮುಂದಿನ ಸರದಿ ನೀರಿನದು. ಇಂಗ್ಲೆಂಡಿನ ಕ್ಯಾವೆಂಡಿಷ್ ಎರಡು ಅನಿಲಗಳಿಂದ ನೀರು ಪಡೆದ ಸುದ್ದಿ ಪ್ಯಾರಿಸ್ಸಿಗೆ ಬಂದೊಡನೆ, 1783ರ ಜೂನ್ 24ರಂದು ಲವಾಸಿಯೆ ಮತ್ತು ಗಣಿತಜ್ಞ ಲಪ್ಲಾಸ್ ಅದನ್ನು ಮಾಡಿ ನೋಡಿದರು. ಜೋಡಿಸುವುದಷ್ಟೇ ಸಾಲದು, ಬಿಡಿಸಿಯೂ ತೋರಿಸಬೇಕು ಎಂದು, ಕೆಂಪಗೆ ಕಾದ ಬಂದೂಕಿನ ಕೊಳವೆಯ ಮೂಲಕ ನೀರಿನ ಆವಿ ಹಾಯಿಸಿದನು. ಆಮ್ಲಜನಕವನ್ನು ಕಬ್ಬಿಣ ಹಿಡಿದುಕೊಂಡಿತು, ಜಲಜನಕ ಹೊರಬಂದಿತು. ಪುರಾತನ ಪಂಡಿತರ ಎರಡು ಮೂಲಧಾತುಗಳು ಹೀಗೆ ಒಂದು ದಶಕದೊಳಗೆ ಸಂಯುಕ್ತ, ಮಿಶ್ರಣಗಳ ಸಾಲಿಗೆ ಇಳಿದವು.

ಉಸಿರಾಟವೂ ಒಂದು ಬಗೆಯ ದಹನವೇ ಎಂಬುದು ಅವನ ಇನ್ನೊಂದು ದೊಡ್ಡ ಮಾತು. ಮಂಜುಗಡ್ಡೆಯಿಂದ ಸುತ್ತುವರಿದ ಪಾತ್ರೆಯಲ್ಲಿ ಗಿನಿಪಿಗ್ ಒಂದನ್ನಿಟ್ಟು, ಅದರ ಮೈಕಾವಿಗೆ ಕರಗಿದ ನೀರನ್ನು ತೂಗಿ, ಇದ್ದಿಲು ಉರಿದಾಗ ಕರಗಿದ ನೀರಿನೊಡನೆ ಹೋಲಿಸಿದನು. ಆಮೇಲೆ ಸೆಗೆನ್ ಎಂಬ ಕಿರಿಯ ಸಹಾಯಕನ ಮೇಲೆಯೇ ಪ್ರಯೋಗ. ದೇಹ ದುಡಿದಷ್ಟೂ ಆಮ್ಲಜನಕ ಹೆಚ್ಚು ಬೇಕು, ಉರಿದ ದ್ರವ್ಯವನ್ನು ಆಹಾರ ತುಂಬಿಕೊಡಬೇಕು. ಹಾಗಿದ್ದಮೇಲೆ ಹೆಚ್ಚು ದುಡಿಯುವ ಬಡವನಿಗೆ ಕಡಿಮೆ ಊಟ, ದುಡಿಯದ ಶ್ರೀಮಂತನಿಗೆ ಹೆಚ್ಚು ಊಟ ಇರುವುದೇಕೆ ಎಂಬ ಪ್ರಶ್ನೆಯನ್ನು ಅವನು ಆ ಪ್ರಬಂಧದಲ್ಲಿ ಎತ್ತಿದ್ದಾನೆ. ಬರೆದವನು ತೆರಿಗೆ ಗುತ್ತಿಗೆದಾರ. ವರ್ಷ ಕ್ರಾಂತಿಯ 1789.

ಪತ್ನಿಯ ವಿಷಯ ಹೇಳದೆ ಮುಂದೆ ಹೋಗುವಂತಿಲ್ಲ. ಮಾರಿ ಆನ್ ಪೋಲ್ಜ್, ಸಹ ಗುತ್ತಿಗೆದಾರ ಜಾಕ್ ಪೋಲ್ಜನ ಮಗಳು. 1771ರಲ್ಲಿ ಮದುವೆಯಾದಾಗ ಅವಳಿಗೆ ಹದಿಮೂರು, ಅವನಿಗೆ ಇಪ್ಪತ್ತೆಂಟು. ಆಕೆ ಗಂಡನಿಗಾಗಿ ಇಂಗ್ಲಿಷ್ ಕಲಿತು, ಫ್ಲಾಜಿಸ್ಟನ್ ಪಕ್ಷದ ಕಿರ್ವಾನನ ಗ್ರಂಥವನ್ನು 1788ರಲ್ಲಿ ಫ್ರೆಂಚಿಗೆ ತಂದಳು. ಜೊತೆಯಲ್ಲಿಯೇ ಅದರ ಖಂಡನೆಗಳೂ ಅಚ್ಚಾದವು. ಪ್ರಯೋಗದ ಅಂಕಿಗಳನ್ನು ಬರೆದುಕೊಳ್ಳುತ್ತಿದ್ದವಳು ಆಕೆ. ಖ್ಯಾತ ಚಿತ್ರಕಾರ ಡಾವಿದ್‌ನ ಬಳಿ ಚಿತ್ರಕಲೆ ಕಲಿತು ಗಂಡನ ಪುಸ್ತಕಕ್ಕೆ ಉಪಕರಣಗಳ ಹದಿಮೂರು ಪಟಗಳನ್ನು ರಚಿಸಿದಳು. ಡಾವಿದ್ 1788ರಲ್ಲಿ ಬರೆದ ಈ ದಂಪತಿಗಳ ದೊಡ್ಡ ಚಿತ್ರ ಈಗ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿನಲ್ಲಿದೆ. ಬಣ್ಣದ ಪದರಗಳನ್ನು ಪರೀಕ್ಷಿಸಿದ ಅಲ್ಲಿನ ತಜ್ಞರು 2021ರಲ್ಲಿ ಸ್ವಾರಸ್ಯಕರ ಸಂಗತಿಯೊಂದನ್ನು ಪ್ರಕಟಿಸಿದರು. ಮೊದಲು ಬರೆದ ಚಿತ್ರದಲ್ಲಿ ಆಕೆಯ ತಲೆಯ ಮೇಲೆ ಅಂದಿನ ಫ್ಯಾಷನ್ನಿನ ಭಾರಿ ಹ್ಯಾಟು ಇತ್ತು. ಗಾಜಿನ ಉಪಕರಣಗಳು ಇರಲಿಲ್ಲ. ಶ್ರೀಮಂತ ಗುತ್ತಿಗೆದಾರ ದಂಪತಿಗಳನ್ನು ಅಳಿಸಿ ವಿಜ್ಞಾನಿ ದಂಪತಿಗಳನ್ನು ಮೇಲೆ ಬರೆಯಲಾಗಿತ್ತು. ಬಣ್ಣದ ಕೆಳಗೆ ಇಬ್ಬರೂ ಉಳಿದೇ ಇದ್ದರು.

1787ರಲ್ಲಿ ಗಿಟೊನ್ ದ ಮೊರ್ವೊ, ಬೆರ್ತೊಲೆ, ಫುರ್ಕ್ರ್ವಾ ಎಂಬ ಮೂವರೊಡನೆ ಸೇರಿ ಲವಾಸಿಯೆ ರಾಸಾಯನಿಕಗಳ ಹೆಸರುಗಳನ್ನೆಲ್ಲ ಹೊಸದಾಗಿ ಕಟ್ಟಿದನು. ಅದಕ್ಕೆ ಮೊದಲು ವಸ್ತುವಿನ ಹೆಸರು ಅದನ್ನು ಕಂಡವನ ಲಹರಿ. ಇನ್ನು ಮೇಲೆ ಹೆಸರೇ ಒಳಗೇನಿದೆಯೆಂದು ಹೇಳಬೇಕು. 1789ರ ‘ರಸಾಯನಶಾಸ್ತ್ರದ ಮೂಲ ಗ್ರಂಥ’ದಲ್ಲಿ 33 ಮೂಲವಸ್ತುಗಳ ಪಟ್ಟಿ ಕೊಟ್ಟನು, ಬೆಳಕು ಮತ್ತು ಶಾಖವೂ ಅದರಲ್ಲಿದ್ದವು! ದ್ರವ್ಯ ಹುಟ್ಟುವುದೂ ಇಲ್ಲ, ನಾಶವಾಗುವುದೂ ಇಲ್ಲ ಎಂಬ ಪ್ರಸಿದ್ಧ ತತ್ತ್ವ ಬರುವುದು ಆ ಗ್ರಂಥದಲ್ಲಿ ದ್ರಾಕ್ಷಿರಸ ಹುಳಿತು ಮದ್ಯವಾಗುವ ಪ್ರಕರಣದಲ್ಲಿ. ಅಲ್ಲಿ ಅವನು ಎಡಕ್ಕೆ ರಸ, ಬಲಕ್ಕೆ ಮದ್ಯಸಾರ ಮತ್ತು ಇಂಗಾಲಾಮ್ಲ ಎಂದು ಸಮೀಕರಣ ಹಾಕುತ್ತಾನೆ. ನಮ್ಮ ಅಢಾವೆ ಪತ್ರಿಕೆಯ ಎರಡು ಬದಿಗಳೇ ಅವು.

ತಪ್ಪು ಹೆಸರು ಆಮ್ಲಜನಕ. ಎಲ್ಲ ಆಮ್ಲಗಳ ಹುಳಿಗೂ ಅದೇ ಕಾರಣವೆಂದು ಲವಾಸಿಯೆ ನಂಬಿದ್ದನು. ಗಂಧಕಾಮ್ಲ, ರಂಜಕಾಮ್ಲಗಳಲ್ಲಿ ಅದು ಇದ್ದದ್ದರಿಂದ ನಂಬಿಕೆಗೆ ಆಧಾರವೂ ಇತ್ತು. ಆದರೆ ಉಪ್ಪಿನಿಂದ ತೆಗೆಯುವ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಆಮ್ಲಜನಕ ಇಲ್ಲವೇ ಇಲ್ಲವೆಂದು ಇಂಗ್ಲೆಂಡಿನ ಹಂಫ್ರಿ ಡೇವಿ 1810ರಲ್ಲಿ ತೋರಿಸಿದನು. ಅಷ್ಟರೊಳಗೆ ಹೆಸರು ನೆಲೆಯೂರಿಬಿಟ್ಟಿತ್ತು. ಆ ತಪ್ಪು ಅರ್ಥಸಮೇತ ಅನುವಾದಗೊಂಡು ನಮ್ಮ ಶಾಲೆಗಳಿಗೂ ಬಂದಿತು.

ಇಷ್ಟೆಲ್ಲದರ ನಡುವೆ ಸರ್ಕಾರಿ ಕೆಲಸಗಳು. ಏಳು ವರ್ಷಗಳ ಯುದ್ಧದಲ್ಲಿ ಸೋತ ಫ್ರಾನ್ಸಿಗೆ ಭಾರತದ ಪೆಟ್ಲುಪ್ಪು ಕೈತಪ್ಪಿತ್ತು. ಬಂಗಾಳ, ಬಿಹಾರಗಳ ಸರಕೆಲ್ಲ ಇಂಗ್ಲಿಷರ ವಶ. ಪೆಟ್ಲುಪ್ಪಿಲ್ಲದೆ ಕೋವಿಮದ್ದಿಲ್ಲ. 1775ರಲ್ಲಿ ಮದ್ದಿನ ಆಡಳಿತಕ್ಕೆ ನೇಮಕಗೊಂಡ ನಾಲ್ವರಲ್ಲಿ ಲವಾಸಿಯೆ ಒಬ್ಬ. ಅವನ ವಾಸವೂ ಪ್ರಯೋಗಶಾಲೆಯೂ ಪ್ಯಾರಿಸ್ಸಿನ ಆಯುಧಾಗಾರಕ್ಕೆ ಬದಲಾದವು. ಮನೆಗಳ ನೆಲಮಾಳಿಗೆ ಅಗೆದು ಪೆಟ್ಲುಪ್ಪು ತೆಗೆಯುವ ಹಳೆಯ ಹಿಂಸೆಯನ್ನು ಕಡಿಮೆ ಮಾಡಿ, ಉತ್ಪಾದನೆಯನ್ನೂ ಗುಣವನ್ನೂ ಹೆಚ್ಚಿಸಿದರು. 1788ರಲ್ಲಿ ಹೊಸ ಬಗೆಯ ಮದ್ದಿನ ಪರೀಕ್ಷೆಯಲ್ಲಿ ಸ್ಫೋಟವಾಗಿ ಇಬ್ಬರು ಸತ್ತರು; ಲವಾಸಿಯೆ ದಂಪತಿಗಳು ಸ್ವಲ್ಪದರಲ್ಲಿ ಉಳಿದರು.

ಆದರೆ ಜನ ಅವನನ್ನು ನೆನಪಿಟ್ಟುಕೊಂಡದ್ದು ಬೇರೊಂದು ಕಾರಣಕ್ಕೆ. ಕಳ್ಳಸಾಗಣೆ ತಡೆಯಲು ಪ್ಯಾರಿಸ್ಸಿನ ಸುತ್ತ ಗೋಡೆ ಕಟ್ಟಬೇಕೆಂದು ಸೂಚಿಸಿದವನು ಅವನು. ಲೆಕ್ಕದ ದೃಷ್ಟಿಯಿಂದ ಸರಿ. ಸುಂಕ ಸೋರಿಹೋಗುತ್ತಿದ್ದದ್ದು ನಿಜ. ಆದರೆ ಉಸಿರಾಡುವ ಗಾಳಿಯನ್ನೂ ಗೋಡೆಯೊಳಗೆ ಕೂಡಿಹಾಕಿದರೆಂದು ಜನ ಗೊಣಗಿದರು. 1789ರ ಜುಲೈಯಲ್ಲಿ ಬಾಸ್ತೀಯ್ ಕೋಟೆ ಬೀಳುವುದಕ್ಕೂ ಮೊದಲೇ ಆ ಗೋಡೆಯ ಸುಂಕದ ಕಟ್ಟೆಗಳು ಉರಿದವು. 1791ರಲ್ಲಿ ಪತ್ರಕರ್ತ ಮಾರಾ ಗೋಡೆಯ ವಿಷಯ ಎತ್ತಿಕೊಂಡು ಲವಾಸಿಯೆಯ ಮೇಲೆ ಬೆಂಕಿ ಕಾರಿದನು. ಬೆಂಕಿಯ ಬಗೆಗೆ ಮಾರಾ ಬರೆದಿದ್ದ ಪುಸ್ತಕಕ್ಕೆ ಅಕಾಡೆಮಿಯ ಒಪ್ಪಿಗೆಯಿದೆ ಎಂಬ ಮಾತನ್ನು ಲವಾಸಿಯೆ ಹಿಂದೆ ಅಲ್ಲಗಳೆದಿದ್ದನು. ಆ ಸೇಡೇ ಲವಾಸಿಯೆಯನ್ನು ಕೊಂದಿತೆಂದು ಹೇಳುವುದುಂಟು. ನಾವು ಒಪ್ಪುವುದಿಲ್ಲ, ಮಾರಾ 1793ರ ಜುಲೈಯಲ್ಲೇ ಕೊಲೆಯಾಗಿದ್ದನು.

ಬಂಧನದ ಆಜ್ಞೆ ಬಂದದ್ದು ಆ ವರ್ಷದ ನವೆಂಬರ್‌ನಲ್ಲಿ. ನಾಲ್ಕು ದಿನ ಅಡಗಿದ್ದು, 28ರಂದು ಮಾವನೊಡನೆ ಶರಣಾದನು. ವಿಚಿತ್ರವೆಂದರೆ, ಬಂದಿಗಳನ್ನು ಇರಿಸಿದ್ದು ಮುಂದೆ ಅವರ ಹಳೆಯ ಕಚೇರಿಯ ಕಟ್ಟಡದಲ್ಲಿಯೇ. ರದ್ದಾದ ಸಂಸ್ಥೆಯ ಲೆಕ್ಕ ಮುಗಿಸಿಕೊಡಬೇಕಾಗಿತ್ತು. ಸೆರೆಯಲ್ಲಿ ಕುಳಿತು ಲವಾಸಿಯೆ ಆರೋಪಗಳಿಗೆ ಉತ್ತರ ಬರೆದನು. ಒಂದು ಆರೋಪ, ಹೊಗೆಸೊಪ್ಪಿಗೆ ನೀರು ಬೆರೆಸಿ ತೂಕ ಹೆಚ್ಚಿಸಿದರೆಂಬುದು. ಯೌವನದಲ್ಲಿ ತಪಾಸಣೆಗೆ ತಿರುಗುತ್ತಿದ್ದಾಗ, ಹೊಗೆಸೊಪ್ಪಿಗೆ ಬೂದಿ ಬೆರೆಸುವ ಕಳ್ಳರನ್ನು ಹಿಡಿಯಲು ಆಮ್ಲ ಹಾಕಿ ನೊರೆ ಬರಿಸುವ ಪರೀಕ್ಷೆಯನ್ನು ಸೂಚಿಸಿದವನು ಇವನೇ. ಅಳತೆ ತೂಕಗಳ ಆಯೋಗದವರು, ಅಂದರೆ ಮೀಟರ್, ಕಿಲೋಗ್ರಾಂಗಳನ್ನು ರೂಪಿಸುತ್ತಿದ್ದ ಅವನ ಸಹೋದ್ಯೋಗಿಗಳು, ಅವನನ್ನು ಬಿಡಬೇಕೆಂದು ಕೇಳಿಕೊಂಡರು. ಫಲವಾಗಿ ಬೊರ್ಡಾ, ಲಪ್ಲಾಸ್ ಮೊದಲಾದವರೇ ಆಯೋಗದಿಂದ ಹೊರಬಿದ್ದರು. ಹೆಸರುಗಳನ್ನು ಕಟ್ಟುವಾಗ ಜೊತೆಗಿದ್ದ ಗಿಟೊನ್ ಮತ್ತು ಫುರ್ಕ್ರ್ವಾ ಆಗ ಕ್ರಾಂತಿಯ ಶಾಸನಸಭೆಯ ಸದಸ್ಯರು; ಅವರ ಮೌನದ ಬಗೆಗೆ ಚರ್ಚೆ ಇನ್ನೂ ನಿಂತಿಲ್ಲ.

1794ರ ಮೇ 8ರಂದು ಬೆಳಗ್ಗೆ ವಿಚಾರಣೆ, ಅದೇ ದಿನ ಶಿಕ್ಷೆ. ಇಪ್ಪತ್ತೆಂಟು ಗುತ್ತಿಗೆದಾರರು ಗಿಲೊಟಿನ್‌ಗೆ ತಲೆಯೊಡ್ಡಿದರು. ಮಾವ ಪೋಲ್ಜನೂ ಅವರಲ್ಲಿದ್ದನು. ಲವಾಸಿಯೆಗೆ ಐವತ್ತು ವರ್ಷ. ಗಣರಾಜ್ಯಕ್ಕೆ ವಿಜ್ಞಾನಿಗಳು ಬೇಕಿಲ್ಲವೆಂದು ನ್ಯಾಯಾಧೀಶನು ಹೇಳಿದನೆಂಬ ಕಥೆ ಎಲ್ಲ ಪುಸ್ತಕಗಳಲ್ಲಿದೆ. ಅಂದಿನ ದಾಖಲೆಗಳಲ್ಲಿ ಇಲ್ಲ. ವಾಸ್ತವವಾಗಿ ಅವನನ್ನು ವಿಜ್ಞಾನಿಯೆಂದು ಕೊಲ್ಲಲಿಲ್ಲ, ತೆರಿಗೆಯವನೆಂದು ಕೊಂದರು. ವೈಯಕ್ತಿಕ ಮೋಸ ಯಾವುದೂ ಸಾಬೀತಾಗಲಿಲ್ಲ. ಬಡವರ ಉಪ್ಪಿನಿಂದ ಬಂದ ಲಾಭದಲ್ಲಿ ಅವನ ಪಾಲಿತ್ತೆಂಬುದೂ ಸುಳ್ಳಲ್ಲ. ಈ ಎರಡು ಬದಿಗಳನ್ನು ಕೂಡಿಸಿ ಕಳೆದು ನೋಡಲು ನಾವು ಹಲವು ಬಾರಿ ಯತ್ನಿಸಿದ್ದೇವೆ. ಶಿಲ್ಕು ಹೊಂದಿಲ್ಲ. ಆ ತಲೆಯನ್ನು ಕಡಿಯಲು ಕ್ಷಣ ಸಾಕಾಯಿತು, ಅಂಥದು ಹುಟ್ಟಲು ನೂರು ವರ್ಷವೂ ಸಾಲದೇನೋ ಎಂದು ಗಣಿತಜ್ಞ ಲಗ್ರಾಂಜ್ ಮರುದಿನ ನೊಂದುಕೊಂಡನಂತೆ.

ಒಂದೇ ದಿನ ತಂದೆಯನ್ನೂ ಗಂಡನನ್ನೂ ಕಳೆದುಕೊಂಡ ಮಾರಿ ಆನ್, ಕೆಲಕಾಲ ಸೆರೆವಾಸವನ್ನೂ ಕಂಡಳು. ಮುಟ್ಟುಗೋಲಾಗಿದ್ದ ಪುಸ್ತಕ, ಉಪಕರಣಗಳು 1795ರಿಂದ ಮರಳಿ ಬಂದಾಗ ಸರ್ಕಾರದ ಕಾಗದದಲ್ಲಿಯೇ ಅವಳ ಗಂಡನಿಗೆ ಆದದ್ದು ಅನ್ಯಾಯದ ಶಿಕ್ಷೆಯೆಂಬ ಮಾತಿತ್ತು. ಗಂಡನ ಕೊನೆಯ ಪ್ರಬಂಧಗಳನ್ನು ಆಕೆಯೇ 1805ರಲ್ಲಿ ಹೊರತಂದು ವಿದ್ವಾಂಸರಿಗೆ ಹಂಚಿದಳು. ಅದೇ ವರ್ಷ ರಂಫರ್ಡ್ ಎಂಬ ಇನ್ನೊಬ್ಬ ವಿಜ್ಞಾನಿಯನ್ನು ಮದುವೆಯಾದಳಾದರೂ ಲವಾಸಿಯೆ ಎಂಬ ಹೆಸರನ್ನು ಬಿಡಲಿಲ್ಲ. ಆ ಸಂಸಾರ ನಾಲ್ಕೇ ವರ್ಷಕ್ಕೆ ಮುರಿಯಿತು. ಆಕೆ 1836ರವರೆಗೆ ಬದುಕಿದ್ದಳು.

ಪ್ಯಾರಿಸ್ ನಗರ ತನ್ನ ಮಗನಿಗೆ ಪ್ರತಿಮೆ ನಿಲ್ಲಿಸಿದ್ದು 1900ರಲ್ಲಿ, ಮಾದಲೆನ್ ಚರ್ಚಿನ ಹಿಂಭಾಗದಲ್ಲಿ. ಶಿಲ್ಪಿಯು ಮಾದರಿಗೆ ಇಟ್ಟುಕೊಂಡಿದ್ದ ಮುಖ ಲವಾಸಿಯೆಯದಲ್ಲ, ಅಕಾಡೆಮಿಯ ಕಾರ್ಯದರ್ಶಿಯಾಗಿದ್ದ ಕೊಂಡೊರ್ಸೆಯದು ಎಂಬುದು ಆಮೇಲೆ ತಿಳಿಯಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಲೋಹಕ್ಕಾಗಿ ಆ ಪ್ರತಿಮೆಯನ್ನು ಕರಗಿಸಲಾಯಿತು.